ಮುನ್ನರಿವಿನ ಧರ್ಮ

ಇನ್ನೂ ನಡೆಯದಿರುವುದನ್ನು ತಿಳಿದವನಂತೆ ವರ್ತಿಸುವುದಕ್ಕೆ ಮನುಷ್ಯನಿಗೆ ಅಧಿಕಾರವುಂಟೆ ಎಂಬುದು ತತ್ತ್ವವಿಚಾರದಲ್ಲಿ ಬಹು ಹಳೆಯದಾದ ಪ್ರಶ್ನೆ. ಪಂಡಿತರು ಅದನ್ನು ಶತಮಾನಗಳ ಕಾಲ ಸಾವಧಾನವಾಗಿ ಚರ್ಚಿಸಿದ್ದಾರೆ. ಆದರೆ ಅದಕ್ಕೆ ಕೆಲವೇ ನಿಮಿಷಗಳೊಳಗಾಗಿ ಉತ್ತರ ಕೊಡಲೇಬೇಕಾದ ಸ್ಥಳವೊಂದುಂಟು, ಅದು ಆಸ್ಪತ್ರೆಯ ಅಪಘಾತ ವಿಭಾಗ. ರಸ್ತೆಯಲ್ಲಿ ಬಿದ್ದವನನ್ನೋ ಕಟ್ಟಡದಿಂದ ಉರುಳಿದವನನ್ನೋ ಅಲ್ಲಿಗೆ ತಂದಾಗ ಮೈಮೇಲೆ ಕಾಣುವ ಗಾಯವೇ ಅಪಾಯದ ಅಳತೆಯಾಗಲಾರದು. ಹೊಟ್ಟೆಯೊಳಗೆ, ಎದೆಗೂಡಿನೊಳಗೆ, ಮುರಿದ ಸೊಂಟದ ಮೂಳೆಗಳ ನಡುವೆ ಸೋರುವ ರಕ್ತವು ಯಾರ ಕಣ್ಣಿಗೂ ಬೀಳದೆ ಪ್ರಾಣವನ್ನು ಒಯ್ಯಬಲ್ಲದು. ಆತನಿಗೆ ಒಂದೆರಡು ಯೂನಿಟ್ ರಕ್ತ ಸಾಕಾದೀತೋ, ಹತ್ತು ಇಪ್ಪತ್ತು ಯೂನಿಟ್‌ಗಳನ್ನು ಎಡೆಬಿಡದೆ ಹರಿಸಬೇಕಾದೀತೋ ಎಂಬುದನ್ನು ವೈದ್ಯನು ಆಗಲೇ ನಿರ್ಣಯಿಸಬೇಕು. 24 ಗಂಟೆಗಳೊಳಗಾಗಿ 10 ಅಥವಾ ಅದಕ್ಕೂ ಹೆಚ್ಚು ಯೂನಿಟ್ ಕೆಂಪು ರಕ್ತಕಣಗಳನ್ನು ಕೊಡುವುದನ್ನು ಭಾರಿ ರಕ್ತಪೂರಣವೆಂದು ಎಣಿಸುವುದು ಬಹುಕಾಲದ ರೂಢಿ. ಅದು ಯಾರಿಗೆ ಬೇಕಾದೀತೆಂದು ಮೊದಲೇ ಅರಿಯುವ ಪ್ರಯತ್ನವು ಮೇಲುನೋಟಕ್ಕೆ ವೈದ್ಯರ ಒಂದು ಲೆಕ್ಕಾಚಾರ. ವಿಚಾರಿಸಿ ನೋಡಿದರೆ ಅದು ಜ್ಞಾನದ ಮಿತಿಯನ್ನೂ ಕರ್ತವ್ಯದ ಆರಂಭವನ್ನೂ ಒಂದೇ ಎಡೆಯಲ್ಲಿ ತೋರಿಸುವ ಧರ್ಮಪ್ರಶ್ನೆಯಾಗಿರುತ್ತದೆ.

ಕಾದು ನೋಡಿ, ಅಗತ್ಯವು ಸ್ಪಷ್ಟವಾದ ಮೇಲೆ ಕೊಟ್ಟರಾಗದೆ ಎಂದು ಕೇಳಬಹುದು. ಆಗದು. ರಕ್ತವನ್ನು ಬಹಳವಾಗಿ ಕಳೆದುಕೊಂಡ ದೇಹವು ತಣ್ಣಗಾಗುತ್ತದೆ, ರಕ್ತದಲ್ಲಿ ಆಮ್ಲಾಂಶವು ಏರುತ್ತದೆ, ಹೆಪ್ಪುಗಟ್ಟುವ ಶಕ್ತಿಯು ಕುಂದುತ್ತದೆ. ಈ ಮೂರೂ ಒಂದನ್ನೊಂದು ಬೆಳೆಸುತ್ತ ಸ್ರಾವವನ್ನು ಇನ್ನೂ ಹೆಚ್ಚಿಸುತ್ತವೆ. ಇದನ್ನು ತಡೆಯಲು ಕೆಂಪುಕಣಗಳ ಜೊತೆಜೊತೆಗೇ ಪ್ಲಾಸ್ಮಾವನ್ನೂ ಪ್ಲೇಟ್‌ಲೆಟ್‌ಗಳನ್ನೂ ಕೊಡಬೇಕು. ಆದರೆ ಪ್ಲಾಸ್ಮಾವನ್ನು ಬ್ಲಡ್ ಬ್ಯಾಂಕಿನಲ್ಲಿ ಶೈತ್ಯದಲ್ಲಿ ಗಟ್ಟಿಮಾಡಿ ಇಟ್ಟಿರುತ್ತಾರೆ, ಅದು ಕರಗಿ ಸಿದ್ಧವಾಗುವುದಕ್ಕೇ ಅರ್ಧ ಗಂಟೆಯಷ್ಟು ಹೊತ್ತು ಹಿಡಿಯಬಹುದು. ಉತ್ತರ ಅಮೆರಿಕದ 12 ಕೇಂದ್ರಗಳಲ್ಲಿ 680 ಗಾಯಾಳುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ, ಈ ಮೂರನ್ನೂ ಸಮಪ್ರಮಾಣದಲ್ಲಿ ಪಡೆದವರ ಪೈಕಿ ಮೊದಲ ದಿನದೊಳಗೆ ರಕ್ತಸ್ರಾವದಿಂದ ಸತ್ತವರು ನೂರಕ್ಕೆ 9.2, ಕೆಂಪುಕಣಗಳ ಪಾಲು ಇಮ್ಮಡಿಯಾಗಿದ್ದ ಇನ್ನೊಂದು ಗುಂಪಿನಲ್ಲಿ 14.6. ತಿಂಗಳ ಕೊನೆಯ ಒಟ್ಟು ಮರಣದಲ್ಲಿ ನಿಶ್ಚಿತವಾದ ವ್ಯತ್ಯಾಸ ಸಿದ್ಧವಾಗಲಿಲ್ಲವಾದರೂ, ಮೊದಲ ಗಂಟೆಗಳ ಬೆಲೆ ಎಂಥದೆಂಬುದು ಅದರಿಂದ ತಿಳಿಯಿತು. ಭಾರತವೂ ಸೇರಿದಂತೆ 40 ದೇಶಗಳ 20,211 ಗಾಯಾಳುಗಳನ್ನು ಒಳಗೊಂಡ, 2010ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯು ಟ್ರಾನೆಕ್ಸಾಮಿಕ್ ಆಮ್ಲವೆಂಬ ಅಗ್ಗದ ಔಷಧವು ಪ್ರಾಣವನ್ನು ಉಳಿಸುವುದೆಂದು ತೋರಿಸಿತು. ಆದರೆ ಗಾಯವಾಗಿ ಮೂರು ಗಂಟೆ ಕಳೆದ ಮೇಲೆ ಕೊಟ್ಟರೆ ಅದೇ ಔಷಧದಿಂದ ಉಪಕಾರಕ್ಕೆ ಬದಲಾಗಿ ಅಪಕಾರವಾಗುವಂತೆ ಕಂಡುಬಂದಿತು. ಇಂತಿರಲಾಗಿ, ನಿಶ್ಚಯಜ್ಞಾನವು ದೊರೆಯುವ ಹೊತ್ತಿಗೆ ಆ ಜ್ಞಾನದಿಂದ ಆಗಬೇಕಾದ ಕೆಲಸದ ಸಮಯವೇ ಮೀರಿಹೋಗಿರುತ್ತದೆ.

ಆದಕಾರಣ ವೈದ್ಯರು ಲಕ್ಷಣಗಳಿಂದ ಊಹಿಸುವ ಕ್ರಮಗಳನ್ನು ರಚಿಸಿದರು. ಜರ್ಮನಿಯ ಗಾಯಾಳುಗಳ ದಾಖಲೆಗಳಿಂದ 2006ರಲ್ಲಿ ಹೊರಟ ಕ್ರಮವು ಹಿಮೋಗ್ಲೋಬಿನ್ ಮುಂತಾದ ಪರೀಕ್ಷೆಗಳನ್ನು ಬೇಡುತ್ತದೆ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದ ವೈದ್ಯರು 2009ರಲ್ಲಿ ಪ್ರಕಟಿಸಿದ ಕ್ರಮವು ಅದಕ್ಕಿಂತ ಸರಳ. ಅದರಲ್ಲಿ ನೋಡತಕ್ಕವು ನಾಲ್ಕೇ ಸಂಗತಿಗಳು: ಗಾಯವು ಗುಂಡಿನಿಂದಲೋ ಚೂರಿಯಿಂದಲೋ ಆದ ಇರಿತದ ಗಾಯವೆ; ರಕ್ತದೊತ್ತಡದ ಮೇಲಿನ ಅಂಕೆ 90 ಅಥವಾ ಅದಕ್ಕಿಂತ ಕಡಿಮೆಯೆ; ನಾಡಿಯು ನಿಮಿಷಕ್ಕೆ 120 ಅಥವಾ ಅದಕ್ಕಿಂತ ಹೆಚ್ಚೆ; ಅಲ್ಟ್ರಾಸೌಂಡಿನಲ್ಲಿ ಹೊಟ್ಟೆಯೊಳಗೋ ಹೃದಯದ ಸುತ್ತಲೋ ದ್ರವವು ಕಾಣುತ್ತದೆಯೆ. ಒಂದೊಂದಕ್ಕೆ ಒಂದೊಂದು ಅಂಕ. ಎರಡು ಅಂಕ ಬಂದಿತೆಂದರೆ ರಕ್ತವನ್ನು ಪೆಟ್ಟಿಗೆಗಳಲ್ಲಿ ತರಿಸಬೇಕು.

ಇದು ನಮ್ಮ ನ್ಯಾಯದರ್ಶನದ ಪಂಡಿತರಾದ ನೈಯಾಯಿಕರು ವಿವೇಚಿಸಿದ ಅನುಮಾನಪ್ರಮಾಣವೇ, ಎಂದರೆ ಕಂಡ ಗುರುತಿನಿಂದ ಕಾಣದುದನ್ನು ಅರಿಯುವ ಮಾರ್ಗವೇ ಸರಿ. ಗೌತಮನ ಸೂತ್ರಗಳಿಗೆ ಭಾಷ್ಯವನ್ನು ಬರೆದ ವಾತ್ಸ್ಯಾಯನನು ಕಾರ್ಯದಿಂದ ಕಾರಣವನ್ನು ಅರಿಯುವುದಕ್ಕೆ ತುಂಬಿ ರಭಸದಿಂದ ಹರಿಯುವ ಹೊಳೆಯನ್ನೂ, ಕಾರಣದಿಂದ ಮುಂದಿನ ಕಾರ್ಯವನ್ನು ಅರಿಯುವುದಕ್ಕೆ ಕವಿದು ಬಂದ ಮೋಡವನ್ನೂ ನಿದರ್ಶನವಾಗಿ ಕೊಡುತ್ತಾನೆ. ಅಪಘಾತ ವಿಭಾಗದ ವೈದ್ಯನ ಬುದ್ಧಿಯಲ್ಲಿ ಈ ಎರಡೂ ಒಂದೇ ಉಸಿರಿನಲ್ಲಿ ನಡೆಯುತ್ತವೆ: ಕುಸಿದ ಒತ್ತಡದಿಂದ ಅವನು ಹಿಂದಕ್ಕೆ ಹೋಗಿ ಕಾಣದ ಸ್ರಾವವನ್ನು ಊಹಿಸುತ್ತಾನೆ, ಸ್ರಾವದಿಂದ ಮುಂದಕ್ಕೆ ಹೋಗಿ ಇನ್ನೂ ಹುಟ್ಟದ ಅಗತ್ಯವನ್ನು ಊಹಿಸುತ್ತಾನೆ. ಆದರೆ ಗುರುತಾದ ಹೇತುವಿಗೂ ಅದರಿಂದ ಅರಿಯಬೇಕಾದ ಸಾಧ್ಯಕ್ಕೂ ತಪ್ಪದ ವ್ಯಾಪ್ತಿ, ಎಂದರೆ ಎಂದೂ ಬಿಡದ ಸಂಬಂಧ, ಇರಬೇಕೆಂಬ ನಿಯಮ ಇಲ್ಲಿ ಎಲ್ಲಿ ನಿಂತೀತು? ಬೆನ್ನುಹುರಿಗೆ ಪೆಟ್ಟಾದವನಲ್ಲಿ ರಕ್ತ ನಷ್ಟವಿಲ್ಲದೆಯೂ ಒತ್ತಡವು ಕುಸಿಯುತ್ತದೆ. ಗಟ್ಟಿಮುಟ್ಟಾದ ತರುಣನ ದೇಹವು ಬಹಳ ರಕ್ತ ಹೋದ ಮೇಲೂ ಒತ್ತಡವನ್ನು ಹಿಡಿದಿಟ್ಟುಕೊಂಡಿದ್ದು ಆಮೇಲೆ ಒಮ್ಮೆಗೇ ಕೈಬಿಡುತ್ತದೆ. ಹೃದಯದ ಕೆಲವು ಔಷಧಗಳನ್ನು ಸೇವಿಸುತ್ತಿರುವ ವೃದ್ಧನ ನಾಡಿಯು ಎಂಥ ಸ್ರಾವದಲ್ಲಿಯೂ 120ನ್ನು ಮುಟ್ಟದಿರಬಹುದು. ನೈಯಾಯಿಕನು ಇಂಥ ಹೇತುವನ್ನು ಸವ್ಯಭಿಚಾರ, ಎಂದರೆ ದಾರಿತಪ್ಪುವ ಹೇತುವೆಂದು ತಳ್ಳಿಹಾಕುತ್ತಾನೆ; ವೈದ್ಯನಿಗೆ ತಳ್ಳಿಹಾಕುವುದಕ್ಕೆ ಬೇರೊಂದು ಹೇತುವಿಲ್ಲ.

ದೇಶಭೇದವೂ ಇಲ್ಲಿ ಒಂದು ಉಪಾಧಿಯಾಗಿ, ವ್ಯಾಪ್ತಿಯನ್ನು ಕಟ್ಟಿಹಾಕುವ ಷರತ್ತಾಗಿ, ಬರುತ್ತದೆ. ಗುಂಡೇಟಿನ ಗಾಯಾಳುಗಳು ಹೆಚ್ಚಾಗಿ ಬರುವ ನಗರದಲ್ಲಿ ಕಟ್ಟಿದ ಕ್ರಮವನ್ನು ನಮ್ಮ ನಾಡಿಗೆ ತಂದಾಗ ಅದರ ನಾಲ್ಕರಲ್ಲಿ ಒಂದು ಸಂಗತಿಯು ಬಹುಮಟ್ಟಿಗೆ ಮೌನವಾಗಿಬಿಡುತ್ತದೆ. ಭಾರತದಲ್ಲಿ 2022ರ ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ ಮಡಿದವರು 1,68,491 ಮಂದಿ; ರಸ್ತೆಯ ಪೆಟ್ಟು ಸಾಮಾನ್ಯವಾಗಿ ಜಜ್ಜುವ ಪೆಟ್ಟು, ಇರಿಯುವ ಪೆಟ್ಟಲ್ಲ. ಬೈಕಿನಿಂದ ಬಿದ್ದು ಗುಲ್ಮವು ಒಡೆದವನು ಉಳಿದ ಮೂರರಲ್ಲಿಯೇ ಎರಡು ಅಂಕಗಳನ್ನು ಗಳಿಸಬೇಕು. ಒಂದೆಡೆ ಕಂಡ ವ್ಯಾಪ್ತಿಯನ್ನು ಇನ್ನೊಂದೆಡೆಗೆ ಪರೀಕ್ಷಿಸದೆ ಒಯ್ಯುವವನು ಅನ್ಯಾಯವನ್ನು ಮಾಡಿದಂತಾಗುತ್ತದೆ. ಆ ಅನ್ಯಾಯ ತರ್ಕಕ್ಕೆ ಮಾತ್ರವಲ್ಲದೆ ಮನುಷ್ಯನಿಗೂ ತಟ್ಟುತ್ತದೆ.

ಹಾಗೆಂದು ಅಂಕಗಳನ್ನೆಲ್ಲ ಬದಿಗಿಟ್ಟು ಅನುಭವಿಯ ಅಂತಃಸ್ಫೂರ್ತಿಯನ್ನೇ ನಂಬೋಣವೆಂದರೆ, ಅದೂ ಸಾಲದು; ಅಮೆರಿಕದ ಹತ್ತು ದೊಡ್ಡ ಕೇಂದ್ರಗಳಲ್ಲಿ ವೈದ್ಯರ ಸ್ವಂತ ಊಹೆಯನ್ನು ಪರೀಕ್ಷಿಸಿದಾಗ, ಭಾರಿ ರಕ್ತಪೂರಣ ಬೇಕಾದವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನರನ್ನು ಮಾತ್ರ ಅವರು ಮುಂದಾಗಿ ಗುರುತಿಸಿದ್ದರು. ಚರಕಸಂಹಿತೆಯು ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನಗಳ ಜೊತೆಗೆ ಯುಕ್ತಿಯನ್ನೂ ಒಂದು ಪರೀಕ್ಷೆಯಾಗಿ ಎಣಿಸುತ್ತದೆ. ಅನೇಕ ಕಾರಣಗಳ ಕೂಡುವಿಕೆಯಿಂದ ಒಂದು ಕಾರ್ಯವು ಹುಟ್ಟುವುದನ್ನು ಕಾಣುವ ಬುದ್ಧಿಯೇ ಯುಕ್ತಿ. ಒಂದೊಂದಾಗಿ ಸೋಲುವ ಲಕ್ಷಣಗಳನ್ನು ಕೂಡಿಸಿ ನೋಡುವ ಈ ಅಂಕಕ್ರಮವು ಯುಕ್ತಿಯದೇ ಒಂದು ಶಿಸ್ತಿನ ರೂಪ. ಆದುದರಿಂದ ಅದು ಅನುಭವಕ್ಕೆ ಶತ್ರುವಾಗಬೇಕಾಗಿಲ್ಲ. ಅನುಭವವು ದಣಿದಿರುವ ನಡುರಾತ್ರಿಯಲ್ಲಿ ಅದಕ್ಕೆ ಆಸರೆಯಾಗಿ ನಿಲ್ಲಬಲ್ಲದು.

ಪ್ರತ್ಯಕ್ಷವನ್ನು ಮಾತ್ರ ಒಪ್ಪುವ ಚಾರ್ವಾಕನು ಇಲ್ಲಿ ಎದ್ದು ನಿಂತು, ವ್ಯಾಪ್ತಿಯ ನಿಶ್ಚಯವು ಯಾರಿಗೂ ಎಂದಿಗೂ ಇಲ್ಲ, ಲೋಕವ್ಯವಹಾರವೆಲ್ಲ ಸಂಭಾವನೆಯಿಂದಲೇ, ಹೀಗಾದೀತೆಂಬ ಎಣಿಕೆಯಿಂದಲೇ, ನಡೆಯುತ್ತದೆ ಎಂದಾನು. ಹತ್ತನೆಯ ಶತಮಾನದ ನೈಯಾಯಿಕನಾದ ಉದಯನಾಚಾರ್ಯನು ಈ ವಾದವನ್ನೆತ್ತಿಕೊಂಡು, ಶಂಕೆಗೂ ಒಂದು ಎಲ್ಲೆಯುಂಟು, ಸ್ವಂತ ನಡವಳಿಕೆಗೇ ವಿರೋಧ ಬರುವಲ್ಲಿ ಅದು ನಿಲ್ಲಬೇಕು ಎಂದು ಉತ್ತರಿಸಿದನು. ಇಬ್ಬರಲ್ಲಿ ಯಾರ ಪಕ್ಷವನ್ನು ಹಿಡಿದರೂ ಒಂದು ಸಂಗತಿ ಬಾಕಿಯುಳಿಯುತ್ತದೆ. ಮೇಲೆ ಹೇಳಿದ ನಾಲ್ಕಂಕದ ಕ್ರಮವನ್ನು ಹಲವು ಕೇಂದ್ರಗಳಲ್ಲಿ ಪರೀಕ್ಷಿಸಿದಾಗ, ಎರಡಕ್ಕಿಂತ ಕಡಿಮೆ ಅಂಕ ಬಂದವರಲ್ಲಿ ನೂರಕ್ಕೆ 97ರಷ್ಟು ಮಂದಿಗೆ ಭಾರಿ ರಕ್ತಪೂರಣ ಬೇಕಾಗಲಿಲ್ಲ. ಎರಡೋ ಹೆಚ್ಚೋ ಬಂದವರಲ್ಲಿ ಅದು ಬೇಕಾದದ್ದು ಸುಮಾರು ಅರ್ಧದಷ್ಟು ಮಂದಿಗೆ. ಅಂದರೆ ಎರಡೆಂಬ ಗೆರೆಯನ್ನು ಎಳೆದವರು ಬುದ್ಧಿಪೂರ್ವಕವಾಗಿಯೇ ಒಂದು ಬಗೆಯ ತಪ್ಪನ್ನು ತಮ್ಮ ಮೇಲೆ ಹೊತ್ತುಕೊಂಡಿದ್ದಾರೆ: ಬೇಡದವನಿಗಾಗಿ ರಕ್ತವನ್ನು ಸಿದ್ಧಪಡಿಸಿದ ತಪ್ಪು ಬಂದರೂ ಬರಲಿ, ಬೇಕಾದವನನ್ನು ಕೈಬಿಟ್ಟ ತಪ್ಪು ಬಾರದಿರಲಿ ಎಂದು. ಗೆರೆಯನ್ನು ಮೂರಕ್ಕೆ ಏರಿಸಿದರೆ ರಕ್ತ ಉಳಿಯುತ್ತದೆ, ಕೆಲವರು ಉಳಿಯುವುದಿಲ್ಲ. ಯಾವ ತಪ್ಪು ಸಹ್ಯ, ಯಾವುದು ಅಸಹ್ಯ ಎಂಬುದನ್ನು ಯಾವ ಪ್ರಮಾಣವೂ ಹೇಳಿಕೊಡಲಾರದು. ಸಂಭಾವನೆಯು ಎಷ್ಟೆಂದು ಹೇಳುತ್ತದೆ. ಏನು ಮಾಡಬೇಕೆಂದು ಹೇಳುವುದು ಧರ್ಮಬುದ್ಧಿ. ಆ ಎರಡರ ಅಂಕಿಯು ನೋಟಕ್ಕೆ ಗಣಿತದ್ದಾಗಿ ಕಂಡರೂ ಅದರೊಳಗಿರುವುದು ಒಂದು ಧರ್ಮನಿರ್ಣಯ.

ಈ ನಿರ್ಣಯಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ರಕ್ತವು ನಿರುಪದ್ರವಿಯಲ್ಲ, ಬೇಡದವನಿಗೆ ಹರಿಸಿದರೆ ಶ್ವಾಸಕೋಶಕ್ಕೆ ಕೇಡಾಗಬಹುದು, ಹೃದಯಕ್ಕೆ ಭಾರವಾಗಬಹುದು. ಅದು ಅಕ್ಷಯವೂ ಅಲ್ಲ. ಕೆಂಪುಕಣಗಳು ಹೆಚ್ಚೆಂದರೆ 42 ದಿನ, ಪ್ಲೇಟ್‌ಲೆಟ್‌ಗಳು 5 ದಿನ ಉಳಿಯುವ ವಸ್ತುಗಳು. ಒಬ್ಬನಿಗಾಗಿ ಕರಗಿಸಿ ವ್ಯರ್ಥವಾದದ್ದು ಹೆರಿಗೆಯ ಮನೆಯಲ್ಲಿ ರಕ್ತ ಹೋಗುತ್ತಿರುವ ತಾಯಿಗೂ, ಥಲಸ್ಸೀಮಿಯಾದ ಮಗುವಿಗೂ ಸಲ್ಲಬಹುದಾಗಿದ್ದಿತು. ಇವೆಲ್ಲ ಒಪ್ಪತಕ್ಕ ಮಾತುಗಳು. ಇವಕ್ಕಿಂತ ಆಳವಾದದ್ದು ಇನ್ನೊಂದುಂಟು: ಎದುರಿಗೆ ಮಲಗಿರುವ ಒಬ್ಬ ಮನುಷ್ಯನನ್ನು, ಅವನಂಥವರು ಹಿಂದೆ ಏನಾದರೆಂಬುದರಿಂದ ಅಳೆಯುವುದು ನ್ಯಾಯವೆ? ಭಾರಿ ರಕ್ತಪೂರಣಕ್ಕೆ ಹೇಳಿದ ಹತ್ತು ಯೂನಿಟ್‌ಗಳ ಆ ಲಕ್ಷಣದೊಳಗೇ ಈ ಅನ್ಯಾಯದ ಬೀಜವಿತ್ತು; ಮೂರನೆಯ ಯೂನಿಟ್ ಏರುತ್ತಿರುವಾಗಲೇ ಪ್ರಾಣಬಿಟ್ಟವನು ಹತ್ತನ್ನು ಮುಟ್ಟಲಿಲ್ಲವೆಂಬ ಕಾರಣದಿಂದ, ರಕ್ತವು ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿದ್ದರೂ, ಬೇಡದವರ ಸಾಲಿನಲ್ಲಿ ಎಣಿಕೆಯಾದನು. ಒಂದು ಗಂಟೆಯೊಳಗೆ ಮೂರು ಯೂನಿಟ್ ಬೇಕಾದುದನ್ನೇ ಗುರುತಾಗಿ ಇಟ್ಟುಕೊಳ್ಳಬೇಕೆಂದು ಆಮೇಲೆ ವೈದ್ಯರು ಸೂಚಿಸಿದ್ದು ಈ ದೋಷದ ಪರಿಹಾರಕ್ಕಾಗಿಯೇ.

ಸಮೂಹದಿಂದ ವ್ಯಕ್ತಿಯನ್ನು ಅಳೆಯುವ ಜ್ಞಾನವು ಎರಡು ಕಟ್ಟುಗಳಿಗೆ ಒಳಪಟ್ಟಾಗ ಮಾತ್ರ ಧರ್ಮ್ಯವಾಗುತ್ತದೆಂದು ನನಗೆ ತೋರುತ್ತದೆ. ಮೊದಲನೆಯದು, ಅದು ಬಾಗಿಲನ್ನು ತೆರೆಯುವುದಕ್ಕೆ ಬಳಕೆಯಾಗಬೇಕು, ಮುಚ್ಚುವುದಕ್ಕಲ್ಲ. ಎರಡು ಅಂಕ ಬಂದವನಿಗೆ ರಕ್ತವನ್ನು ತರಿಸಲು ಅದು ಸಾಕು, ಒಂದೇ ಬಂದವನಿಗೆ ನಿರಾಕರಿಸಲು ಸಾಲದು. ಎರಡನೆಯದು, ಅದು ಕ್ಷಣಕ್ಷಣಕ್ಕೂ ತಿದ್ದಿಕೊಳ್ಳುವುದಕ್ಕೆ ಒಪ್ಪಬೇಕು. ಸ್ರಾವವು ನಿಂತಿತೆಂದರೆ ತೆರೆಯದ ಪೆಟ್ಟಿಗೆಗಳು ಆ ಕ್ಷಣವೇ ಹಿಂದಕ್ಕೆ ಹೋಗಬೇಕು. ಜ್ಯೋತಿಷಿಯ ಮಾತು ನಿಜವಾದರೆ ಜ್ಯೋತಿಷಿಗೆ ಗೌರವ. ವೈದ್ಯನ ಮುನ್ನರಿವಾದರೋ ತಾನು ಕಂಡ ಮರಣವನ್ನು ಸುಳ್ಳಾಗಿಸುವುದಕ್ಕಾಗಿಯೇ ಹುಟ್ಟಿದ್ದು. ತನ್ನ ವಿಷಯವನ್ನು ತಾನೇ ಬದಲಿಸಬಯಸುವ ಇಂಥ ಜ್ಞಾನವು ಸಂಕಲ್ಪಕ್ಕೆ ತೀರ ಹತ್ತಿರದ್ದು.

ಸಂಕಲ್ಪವು ಒಬ್ಬನದೇ ಆಗಿ ನಿಲ್ಲಲಾರದು. ವೈದ್ಯನು ಕರೆದಾಗ ರಕ್ತವು ಬರಬೇಕಾದರೆ, ಗಾಯವಾಗುವುದಕ್ಕೆ ಮುಂಚೆಯೇ ಯಾರೋ ಒಬ್ಬರು, ಯಾರಿಗೆಂದು ತಿಳಿಯದೆ, ತಮ್ಮ ತೋಳನ್ನು ಚಾಚಿರಬೇಕು. ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಫಲವಾಗಿ 1998ರ ಜನವರಿ 1ರಿಂದ ನಮ್ಮ ದೇಶದಲ್ಲಿ ರಕ್ತದ ಮಾರಾಟವು ನಿಷಿದ್ಧವಾಯಿತು. ಅಂದಿನಿಂದ ಈ ಕೊಡುಗೆಯು ಕಾನೂನಿನಲ್ಲಿಯೂ ದಾನವೇ. ಇಂದಿಗೂ ಅನೇಕ ಕಡೆ, ರೋಗಿಯ ಬಂಧುಗಳು ಬದಲಿ ದಾನಿಯನ್ನು ಹುಡುಕಿಕೊಂಡು ಅಲೆಯುವಾಗಲೇ ಆ ಅಮೂಲ್ಯವಾದ ಗಂಟೆಯು ಕಳೆದುಹೋಗುತ್ತದೆ. ಅಗತ್ಯವು ಕಣ್ಣೆದುರಿಗೆ ಬಂದ ಮೇಲೆ ಕೊಡುವ ಬಂಧುವಿನ ಪ್ರೀತಿ ದೊಡ್ಡದು. ಅಗತ್ಯವನ್ನು ಕಾಣದೆಯೇ ಅದು ಇದ್ದೇ ಇರುವುದೆಂದು ನಂಬಿ ಕೊಡುವ ಅಪರಿಚಿತನ ವಿವೇಕವು ಅದಕ್ಕೂ ದೊಡ್ಡದು, ಏಕೆಂದರೆ ಅವನು ಗೆರೆಯನ್ನು ಎಳೆದ ವೈದ್ಯನಿಗಿಂತ ಮೊದಲೇ ಆ ಅನುಮಾನವನ್ನು ಮಾಡಿ ಅದರ ಭಾರವನ್ನು ತನ್ನ ಮೈಮೇಲೆ ತೆಗೆದುಕೊಂಡಿದ್ದಾನೆ. ಮುನ್ನರಿಯುವ ಅಧಿಕಾರವು ಮನುಷ್ಯನಿಗೆ ಉಂಟೆ ಎಂದರೆ, ಉಂಟು: ತಪ್ಪಿದರೆ ಅದರ ನಷ್ಟವನ್ನು ಹೊರುವುದಕ್ಕೆ ಸಿದ್ಧನಾಗಿರುವವನಿಗೆ, ಸರಿಯಾದರೆ ಬೇಕಾದುದನ್ನು ಮೊದಲೇ ಕೂಡಿಟ್ಟಿರುವ ಸಮಾಜಕ್ಕೆ. ರಕ್ತನಿಧಿಯನ್ನು ಬರಿದಾಗಿಟ್ಟುಕೊಂಡು ವೈದ್ಯನಿಂದ ನಿಖರವಾದ ಊಹೆಯನ್ನು ನಿರೀಕ್ಷಿಸುವ ಊರಿಗೆ ಆ ಅಧಿಕಾರವಿಲ್ಲ. ಅಲ್ಲಿ ಅತ್ಯಂತ ಸರಿಯಾದ ಮುನ್ನರಿವೂ ಒಬ್ಬನ ಸಾವನ್ನು ಸ್ವಲ್ಪ ಮುಂಚಿತವಾಗಿ ತಿಳಿಸುವುದರಲ್ಲಿಯೇ ಮುಗಿದುಹೋಗುತ್ತದೆ.