ಸಾಲಿಗೆ ಸೇರದ ಪುಸ್ತಕ

(ತೀರ್ಥಹಳ್ಳಿಯ ಒಂದು ಔಷಧಿ ಅಂಗಡಿ. ಮಧ್ಯಾಹ್ನ, ಗಿರಾಕಿಗಳು ಕಡಿಮೆ ಇರುವ ಹೊತ್ತು. ಅಂಗಡಿ ರಮೇಶನದು; ಮೇಷ್ಟ್ರು ಅವನಿಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು. ಮೆಡಿಕಲ್ ಕಂಪನಿಯವರು ಕೊಟ್ಟ ಡೈರಿ ಕೌಂಟರಿನ ಮೇಲೆ ತೆರೆದುಕೊಂಡಿದೆ.)

ಮೇಷ್ಟ್ರು: ಈ ತಿಂಗಳು ನಾಲ್ಕು ಪುಸ್ತಕ ಮುಗಿಸಿದ್ದೀಯ. ಷರಾ ಮಾತ್ರ ಎರಡಕ್ಕೇ ಇದೆಯಲ್ಲ ಮಾರಾಯ. ‘ಮೂಕಜ್ಜಿಯ ಕನಸುಗಳು’, ‘ಕರ್ವಾಲೊ’ ಎರಡನ್ನೂ ಸೇರಿಸಿ ‘ಕೇಳಿಸಿಕೊಂಡವರು’ ಅಂತ ಬರೆದಿದ್ದೀಯ. ‘ಚೋಮನ ದುಡಿ’, ‘ಘಾಚರ್ ಘೋಚರ್’ ಎದುರಿಗೆ ಖಾಲಿ.

ರಮೇಶ: ಆ ಎರಡು ಎಷ್ಟು ಚೆನ್ನಾಗಿ ಹೊಂದುತ್ತವೆ ನೋಡಿ ಮೇಷ್ಟ್ರೇ. ಕಾರಂತರ ಪುಸ್ತಕ 1968ರದು, ತೇಜಸ್ವಿಯವರದು 1980ರದು. ಅಲ್ಲಿ ಬಾಲವಿಧವೆಯಾದ ಮುದುಕಿ. ಹಳೆಯ ವಸ್ತುವೊಂದು ಕೈಗೆ ಬಂದರೆ ಅದರ ಕಾಲವೆಲ್ಲ ಅವಳ ಕಣ್ಣಿಗೆ ಕಟ್ಟುತ್ತದೆ. ಇಲ್ಲಿ ಮಂದಣ್ಣ, ಊರವರ ಪಾಲಿಗೆ ಕೆಲಸಕ್ಕೆ ಬಾರದವನು, ಆದರೆ ಹಾರುವ ಓತಿಯನ್ನು ಕಂಡವನು. ಇಬ್ಬರ ಮಾತಿಗೂ ಊರಲ್ಲಿ ಬೆಲೆಯಿಲ್ಲ. ಆದರೆ ಇಬ್ಬರ ಪಕ್ಕದಲ್ಲೂ ಓದಿದವನೊಬ್ಬ ಕೂತು ಕೇಳುತ್ತಾನೆ. ಅಲ್ಲಿ ಮೊಮ್ಮಗ ಸುಬ್ಬರಾಯ, ಇಲ್ಲಿ ವಿಜ್ಞಾನಿ ಕರ್ವಾಲೊ. ಓದಿದವನು ಕೇಳಿಸಿಕೊಳ್ಳೋದನ್ನು ಕಲಿತರೇನೇ ಅವನ ಓದಿಗೆ ಬೆಲೆ ಅಂತ ನನಗನ್ನಿಸಿತು.

ಮೇಷ್ಟ್ರು: ಬೇರೆ ಬೇರೆ ತಿಂಗಳಲ್ಲಿ ಓದಿದ್ದರೆ ಹೀಗನ್ನಿಸುತ್ತಿತ್ತೋ?

ರಮೇಶ: ಬಹುಶಃ ಇಲ್ಲ. ಲೈಬ್ರರಿಗೆ ‘ಕರ್ವಾಲೊ’ ವಾಪಸು ಬಂದದ್ದೇ ಆ ವಾರ.

ಮೇಷ್ಟ್ರು: ಹಾಗಾದರೆ ಈ ನಂಟು ಲೈಬ್ರರಿಯ ಕಪಾಟು ಬೆಳೆಸಿದ್ದು. ಬರೆದವರಿಬ್ಬರಿಗೂ ಅದರಲ್ಲಿ ಕೈಯಿಲ್ಲ.

ರಮೇಶ: ಇರಲಿ. ಆ ನಂಟಿನಿಂದಲೇ ನಾನು ‘ಕರ್ವಾಲೊ’ವನ್ನು ಮತ್ತೆ ತಿರುವಿದೆ. ಮೊದಲ ಸಲ ಓತಿಯ ಹಿಂದೆ ಓಡಿದ್ದೆ. ಈ ಸಲ, ಮಂದಣ್ಣ ಬಾಯಿ ತೆರೆದಾಗ ಕರ್ವಾಲೊ ಹೇಗೆ ನಡೆದುಕೊಳ್ಳುತ್ತಾರೆ ಅಂತ ನೋಡುತ್ತಾ ಹೋದೆ. ಅದು ಪುಟದ ಮೇಲೆಯೇ ಇದೆ, ನೀವು ಓದಿದರೂ ಸಿಗುತ್ತದೆ. ನಂಟು ನನ್ನದು, ಸಾಕ್ಷಿ ಪುಸ್ತಕದ್ದು.

ಮೇಷ್ಟ್ರು: ಸಾಕ್ಷಿ ಹುಡುಕಲು ಹೊರಟವನಿಗೆ ಅದು ಸಿಕ್ಕೇ ಸಿಗುತ್ತದೆ. ಮದುವೆ ಮಾಡಲೇಬೇಕು ಅಂತ ಇದ್ದರೆ ಜಾತಕದಲ್ಲಿ ಗುಣ ಕೂಡೋದಿಲ್ಲವೇ, ಹಾಗೆ. ನೀನು ಬಿಟ್ಟದ್ದೇನು, ಅದನ್ನು ಹೇಳು. ‘ಘಾಚರ್ ಘೋಚರ್’ ಯಾಕೆ ಖಾಲಿ?

ರಮೇಶ: ಅದು ಈ ಸಾಲಿಗೆ ಸೇರುವಂಥದ್ದಲ್ಲ. ಬೆಂಗಳೂರು, ಮಸಾಲೆ ವ್ಯಾಪಾರದ ದುಡ್ಡು, ದುಡಿಯದೆ ಕೂತು ತಿನ್ನುವ ಗಂಡಸು...

ಮೇಷ್ಟ್ರು: ಆ ಗಂಡಸು ಕಾಫಿ ಹೌಸಿಗೆ ಹೋಗಿ ಏನು ಮಾಡುತ್ತಾನೆ?

ರಮೇಶ: (ತಡೆದು) ವಿನ್ಸೆಂಟ್. ಅಲ್ಲಿ ಸಪ್ಲೈ ಮಾಡುವವನು. ಅವನು ಎರಡು ಮಾತಾಡಿದರೂ ಅದು ತನಗೇ ಹೇಳಿದ ಬುದ್ಧಿಮಾತು ಅಂದುಕೊಂಡು ಕೇಳುತ್ತಾನೆ.

ಮೇಷ್ಟ್ರು: ಮತ್ತೆ? ಇಲ್ಲೂ ಓದಿದವನು, ಇಲ್ಲೂ ಯಾರೂ ಲೆಕ್ಕಕ್ಕಿಡದ ಬಾಯಿ, ಇಲ್ಲೂ ಭಕ್ತಿಯಿಂದ ಕೇಳಿಸಿಕೊಳ್ಳೋದು. ಕೇಳಿಸಿಕೊಂಡು ಏನು ಮಾಡಿದ?

ರಮೇಶ: ಏನೂ ಮಾಡಲಿಲ್ಲ. ಮನೆಯಲ್ಲಿ ನಡೆಯೋದು ನಡೆಯುತ್ತಲೇ ಹೋಯಿತು. ತಾನು ತೀರ್ಮಾನ ಮಾಡೋದು ತಪ್ಪಲಿ ಅಂತಲೇ ಅವನಿಗೆ ವಿನ್ಸೆಂಟ್ ಬೇಕಾಗಿತ್ತೋ ಏನೋ.

(ಹೆಂಗಸೊಬ್ಬರು ಚೀಟಿ ಹಿಡಿದು ಬರುತ್ತಾರೆ. ರಮೇಶ ಚೀಟಿ ನೋಡಿ, ಮಾತ್ರೆಯ ಸ್ಟ್ರಿಪ್ಪನ್ನು ಕತ್ತರಿಸಿ, ಕವರಿನ ಮೇಲೆ ಬೆಳಿಗ್ಗೆಗೊಂದು ರಾತ್ರಿಗೊಂದು ಗೀಟು ಎಳೆದು, ಊಟ ಆದಮೇಲೆ ಎಂದು ಎರಡು ಸಲ ಹೇಳಿ ಕಳಿಸುತ್ತಾನೆ.)

ಮೇಷ್ಟ್ರು: ಈಗ ಚೋಮ. 1933ರ ಪುಸ್ತಕ, ನಾಲ್ಕರಲ್ಲಿ ಹಿರಿಯದು. ಅವನು ಬಾರಿಸಿದ ದುಡಿಯನ್ನು ಪಕ್ಕದಲ್ಲಿ ಕೂತು ಯಾರು ಕೇಳಿದರು? ಒಬ್ಬ ಸುಬ್ಬರಾಯನೋ ಕರ್ವಾಲೊನೋ ಅವನಿಗೂ ಸಿಕ್ಕಿದ್ದರೆ! ನಿನ್ನ ಷರಾ ಇಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಇವನು ಕೇಳುವವರಿಲ್ಲದೆ ಸತ್ತವನು.

ರಮೇಶ: ಅದನ್ನು ನಾನೊಪ್ಪೋದಿಲ್ಲ ಮೇಷ್ಟ್ರೇ. ಈಗ ಗುಣ ಕೂಡಿಸುತ್ತಿರೋದು ನೀವು. ಚೋಮನಿಗೆ ಬೇಕಾಗಿದ್ದದ್ದು ಉಳೋದಕ್ಕೆ ಒಂದು ತುಂಡು ಭೂಮಿ. ಎತ್ತು ಅವನ ಹತ್ತಿರವೇ ಇದ್ದವು. ಹೊಲೆಯನಿಗೆ ಬೇಸಾಯ ಸಲ್ಲದು ಅನ್ನೋ ಕಟ್ಟಳೆ ಅಡ್ಡ ಬಂತು. ಅವನು ಬಾಯಿಬಿಟ್ಟು ಕೇಳಿದ, ಅದು ಧಣಿಯ ಕಿವಿಗೂ ಬಿತ್ತು. ಎಲ್ಲರಿಗೂ ಕೇಳಿಸಿತ್ತು, ಯಾರೂ ಕೊಡಲಿಲ್ಲ ಅಷ್ಟೆ.

ಮೇಷ್ಟ್ರು: ಹಾಗಾದರೆ ನಿನ್ನ ಷರಾದ ಗತಿ?

ರಮೇಶ: ಹೊಡೆದು ಹಾಕಬೇಕು ಅನ್ನಿಸುತ್ತಿದೆ. ಆ ಎರಡು ಪುಸ್ತಕ ಅಷ್ಟೊಂದು ಯಾಕೆ ಹಿಡಿಸಿದವು ಅಂತ ಈಗ ಗೊತ್ತಾಗುತ್ತಿದೆ. ಓದೋದು ಅಂದರೆ ಕೂತು ಕೇಳಿಸಿಕೊಳ್ಳೋದು ತಾನೇ? ಕೇಳಿಸಿಕೊಳ್ಳುವವನೇ ದೊಡ್ಡವನು ಅಂದರೆ, ಈ ಸ್ಟೂಲಿನ ಮೇಲೆ ಕೂತ ನನ್ನನ್ನೇ ಹೊಗಳಿದ ಹಾಗಾಯಿತು. ಚೋಮನ ಮುಂದೆ ಆ ಹೊಗಳಿಕೆ ನಿಲ್ಲೋದಿಲ್ಲ.

ಮೇಷ್ಟ್ರು: ಪೂರ್ತಿ ಹೊಡೆಯಬೇಡ. ಕರ್ವಾಲೊ ಕೇಳಿ ಸುಮ್ಮನೆ ಕೂತರೇ? ಮಂದಣ್ಣನನ್ನು ನಂಬಿ ಕಾಡಿಗೆ ಹೊರಟರು. ಓತಿ ಕೊನೆಗೂ ಕೈಗೆ ಸಿಗದೆ ಪ್ರಪಾತದತ್ತ ತೇಲಿಹೋಯಿತು, ಆ ಮಾತು ಬೇರೆ. ನಿನ್ನ ಷರಾ ಅರ್ಧ ನಿಜ. ಉಳಿದರ್ಧ ನೀನು ಖಾಲಿ ಬಿಟ್ಟ ಎರಡು ಪುಸ್ತಕದಲ್ಲಿತ್ತು. ಒಂದೇ ಪುಸ್ತಕ ಓದಿದರೆ ಅದು ನಮ್ಮನ್ನು ಒಪ್ಪಿಸಿಬಿಡುತ್ತದೆ. ನಾಲ್ಕು ಓದಿದರೆ ಒಂದಾದರೂ ಎದ್ದು ನಿಂತು ತಕರಾರು ತೆಗೆಯುತ್ತದೆ. ಹೆಚ್ಚು ಓದೋದರ ಲಾಭ ನನಗೆ ಕಂಡಂತೆ ಇಷ್ಟೇ.

ರಮೇಶ: ಒಂದು ಸಂಶಯ ಉಳಿಯುತ್ತದೆ. ತಕರಾರಿನ ಪುಸ್ತಕವನ್ನೂ ನಾನು ಕೂತೇ ಓದಿದ್ದು. ಚೋಮ ಅರ್ಥವಾದ ಅಂದುಕೊಂಡು ಡೈರಿ ಮುಚ್ಚಿದರೆ, ನಾನೂ ಕಾಫಿ ಹೌಸಿನ ಗಿರಾಕಿಯೇ ಆದೆನಲ್ಲ?

ಮೇಷ್ಟ್ರು: ಆದೆ. ಪುಸ್ತಕ ಭೂಮಿ ಕೊಡಿಸುತ್ತದೆ ಅಂತ ನಾನೂ ಹೇಳಲಾರೆ. ಉಳುವವನೇ ಒಡೆಯ ಅಂತ 1974ರಲ್ಲಿ ಕಾನೂನು ತಿದ್ದಿದರು. ಗೇಣಿದಾರರು ಡಿಕ್ಲರೇಶನ್ ಕೊಟ್ಟು ಒಡೆಯರಾದರು. ನಮ್ಮ ಸೀಮೆಯಲ್ಲಿ ಅದೇನು ಸಣ್ಣ ಸಂಗತಿಯಲ್ಲ. ಆದರೆ ಚೋಮ ಆಗ ಬದುಕಿದ್ದಿದ್ದರೆ? ಗೇಣಿಗೇ ಭೂಮಿ ಸಿಗದವನು ಡಿಕ್ಲರೇಶನ್ನಿನಲ್ಲಿ ಯಾವ ಸರ್ವೆ ನಂಬರು ಬರೆಯುತ್ತಿದ್ದ? ಕಾನೂನು ಓದಿದಾಗ ನನಗೆ ಆ ಪ್ರಶ್ನೆ ಹುಟ್ಟಿರಲಿಲ್ಲ, ಕಾದಂಬರಿ ಹುಟ್ಟಿಸಿತು.

ರಮೇಶ: ಹಾಗಾದರೆ ನಾಲ್ಕಕ್ಕೂ ಸೇರಿಸಿ ಒಂದೇ ಷರಾ ಬರೆಯುತ್ತೇನೆ. ‘ಕೇಳಿಸಿಕೊಂಡಾಯಿತು, ಮುಂದೆ?’

ಮೇಷ್ಟ್ರು: ಬರೆ. ಅದಕ್ಕೂ ತಕರಾರು ತೆಗೆಯುವ ಪುಸ್ತಕ ಒಂದಿದ್ದೇ ಇರುತ್ತದೆ, ಬರುವ ತಿಂಗಳು ಹುಡುಕಿ ತಾ.