ಹಂಚಿಕೆ ಬೇರೆ, ಮೇಲುಕೀಳು ಬೇರೆ

ಕಾಯಕದ ಮಹಿಮೆ ಸಾರುವ ಫಲಕವಿಲ್ಲದ ಕಚೇರಿ ಈಗ ನಮ್ಮ ಸೀಮೆಯಲ್ಲಿ ಕಡಿಮೆ. ಬಸವ ಜಯಂತಿಯ ವೇದಿಕೆಯಲ್ಲಿ ಆ ಮಾತು ಬಂದರೆ ಸರಿ. ಕೂಲಿ ಹೆಚ್ಚಿಸಿ ಎಂದವರ ಬಾಯಿ ಮುಚ್ಚಿಸಲಿಕ್ಕೂ ಅದೇ ಮಾತು ಬರತೊಡಗಿದೆ. ‘ಎಲ್ಲ ಕೆಲಸವೂ ಸಮಾನ, ಅವರವರ ಕೆಲಸ ಅವರವರು ಮಾಡಿಕೊಂಡು ಹೋದರೆ ಸಾಕು’ ಎನ್ನುವುದರಲ್ಲಿ ಮೊದಲರ್ಧ ಶರಣರದು; ಉಳಿದರ್ಧ, ಶರಣರು ಯಾರ ಎದುರು ನಿಂತರೋ ಅವರದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ರೂಢಿ ಬಲಿತಿರುವುದರಿಂದ ನಡುವಿನ ಗೆರೆಯನ್ನು ಕೊಂಚ ಒತ್ತಿ ಎಳೆಯಬೇಕಾಗಿದೆ.

ಕೆಲಸವನ್ನು ಹಂಚಿಕೊಳ್ಳುವುದು ಒಂದು. ಮಾಡುವ ಕೆಲಸ ನೋಡಿ ಮನುಷ್ಯರನ್ನು ಮೇಲೆ ಕೆಳಗೆ ಕೂರಿಸುವುದು ಇನ್ನೊಂದು. ಮೊದಲನೆಯದಿಲ್ಲದೆ ಯಾವ ಊರೂ ನಡೆಯದು. ಎರಡನೆಯದು ಅಧಿಕಾರ ಇದ್ದವರು ಮಾಡಿಕೊಂಡ ಏರ್ಪಾಡು. ಮೊದಲನೆಯದನ್ನು ಸಾಧಿಸಿ ತೋರಿಸಿ, ಎರಡನೆಯದೂ ಸಾಧಿತವಾಯಿತು ಎಂದು ಎದ್ದುಹೋಗುವ ಜಾಣತನ ಬಹಳ ಹಳೆಯದು. ಅದರ ಚೊಕ್ಕ ಮಾದರಿ ಪ್ರಾಚೀನ ಚೀನಾದಲ್ಲಿದೆ.

ಚೀನೀಯರು ಸಮಾಜವನ್ನು ನಾಲ್ಕಾಗಿ ಎಣಿಸುತ್ತಿದ್ದರು: ಶಿ, ನೋಂಗ್, ಗೋಂಗ್, ಶಾಂಗ್. ಅಂದರೆ ಓದುಬರಹದ ಅಧಿಕಾರಿ, ರೈತ, ಕುಶಲಕರ್ಮಿ, ವ್ಯಾಪಾರಿ. ಕೂಡಲೇ ನಮ್ಮ ಚಾತುರ್ವರ್ಣ್ಯವನ್ನು ತಂದು ಪಕ್ಕದಲ್ಲಿಡುವ ಅವಸರ ಬೇಡ. ಅಲ್ಲಿ ರೈತ ಎರಡನೆಯವನು, ವ್ಯಾಪಾರಿ ಕೊನೆಯವನು. ಮಡಿ ಮೈಲಿಗೆಯ ಲೆಕ್ಕದ ಮೇಲೆ ಆ ಸಾಲು ನಿಂತಿರಲಿಲ್ಲ. ಆದರೂ ‘ಗುವಾನ್‌ಜಿ’ ಎಂಬ ಗ್ರಂಥ, ನಾಲ್ವರನ್ನೂ ಬೇರೆ ಬೇರೆ ಕಡೆ ನೆಲೆಗೊಳಿಸಬೇಕು, ಆಗ ಮಕ್ಕಳು ಅಪ್ಪನ ಕೆಲಸ ನೋಡುತ್ತಲೇ ಕಲಿತು ಅದರಲ್ಲೇ ಉಳಿಯುತ್ತಾರೆ ಎಂದು ದೊರೆಗೆ ಸಲಹೆ ಕೊಡುತ್ತದೆ. ಹಂಚಿಕೆ ಎಲ್ಲಿ ಬೇಲಿಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಡ.

ಕ್ರಿ.ಪೂ. 4ನೇ ಶತಮಾನದಲ್ಲಿ ತೆಂಗ್ ಎಂಬ ಪುಟ್ಟ ರಾಜ್ಯಕ್ಕೆ ಶೂ ಶಿಂಗ್ ಎಂಬವನು ತನ್ನ ಶಿಷ್ಯರೊಡನೆ ಬಂದ. ಒರಟು ಬಟ್ಟೆ ತೊಟ್ಟು, ಚಪ್ಪಲಿ ಹೆಣೆದು, ಚಾಪೆ ನೇಯ್ದು ಹೊಟ್ಟೆ ಹೊರೆಯುವ ಗುಂಪು ಅದು. ದೊರೆಯಾದವನು ಪ್ರಜೆಗಳ ಜೊತೆ ಉತ್ತು ಉಣ್ಣಬೇಕು, ತನ್ನ ಅಡುಗೆ ತಾನೇ ಮಾಡಿಕೊಂಡು ರಾಜ್ಯ ಆಳಬೇಕು, ಕಣಜ ಖಜಾನೆ ತುಂಬಿಸಿಕೊಂಡವನು ಜನರನ್ನು ಹಿಂಡಿ ಬದುಕುತ್ತಿದ್ದಾನೆ ಎಂಬುದು ಅವನ ವಾದ. ಅವನ ಅನುಯಾಯಿಯೊಬ್ಬನನ್ನು ಎದುರು ಕೂರಿಸಿಕೊಂಡು, ಕನ್ಫ್ಯೂಷಿಯಸ್ ಪರಂಪರೆಯ ಚಿಂತಕ ಮೆನ್ಷಿಯಸ್ ಪಾಟೀಸವಾಲಿಗೆ ತೊಡಗುತ್ತಾನೆ. ನಿಮ್ಮ ಗುರು ತನ್ನ ಟೊಪ್ಪಿಗೆಯನ್ನು ತಾನೇ ನೇಯುತ್ತಾನೆಯೇ? ಅಡುಗೆಯ ಮಡಕೆ, ನೇಗಿಲಿನ ಕಬ್ಬಿಣ? ಇಲ್ಲ, ಕಾಳು ಕೊಟ್ಟು ಕೊಳ್ಳುತ್ತಾನೆ. ಹಾಗಾದರೆ ಕುಂಬಾರಿಕೆಯನ್ನೇ ಉಳುಮೆಯ ಜೊತೆ ಮಾಡಲಾಗದು ಎಂದ ಮೇಲೆ ರಾಜ್ಯಭಾರವನ್ನು ಮಾಡಲಾದೀತೆ?

ಇಲ್ಲಿಯವರೆಗೆ ಮೆನ್ಷಿಯಸ್ ಗೆದ್ದ, ಒಪ್ಪೋಣ. ಅವನ ಮುಂದಿನ ಹೆಜ್ಜೆ ನೋಡಿ. ಬುದ್ಧಿಯಿಂದ ದುಡಿಯುವವರು ಆಳುತ್ತಾರೆ, ಮೈಯಿಂದ ದುಡಿಯುವವರು ಆಳಿಸಿಕೊಳ್ಳುತ್ತಾರೆ. ಆಳಿಸಿಕೊಳ್ಳುವವರು ಆಳುವವರಿಗೆ ಉಣಬಡಿಸಬೇಕು. ಇದು ಲೋಕಕ್ಕೆಲ್ಲ ಒಪ್ಪಿತವಾದ ನಿಯಮ ಎಂದುಬಿಡುತ್ತಾನೆ. ಕುಂಬಾರನೂ ರೈತನೂ ಮಡಕೆ ಕಾಳು ಬದಲಾಯಿಸಿಕೊಳ್ಳುವಾಗ ಇಬ್ಬರಲ್ಲಿ ಯಾರೂ ಯಾರನ್ನೂ ಆಳುವುದಿಲ್ಲ. ವಿನಿಮಯದ ಉದಾಹರಣೆ ಕೊಟ್ಟು ಒಡೆತನವನ್ನು ಹೊರತೆಗೆದದ್ದು ತರ್ಕವಲ್ಲ, ಕೈಚಳಕ. 1936ರ ‘ಜಾತಿ ವಿನಾಶ’ದಲ್ಲಿ ಅಂಬೇಡ್ಕರ್ ಬಯಲಿಗೆಳೆದದ್ದು ಇಂಥದೇ ಕೈಚಳಕವನ್ನು: ಜಾತಿಯನ್ನು ಬರೀ ಶ್ರಮವಿಭಜನೆ ಎನ್ನುವವರಿಗೆ, ಅದು ಶ್ರಮಿಕರನ್ನೇ ಒಡೆದು ಒಬ್ಬರ ಮೇಲೊಬ್ಬರನ್ನು ಇಟ್ಟ ಏರ್ಪಾಡು ಎಂದು ಅವರು ತೋರಿಸಿಕೊಟ್ಟರು.

ಬುದ್ಧಿ ಒಂದು ಕಡೆ, ಮೈ ಒಂದು ಕಡೆ ಎಂಬ ವಿಂಗಡಣೆಯಾದರೂ ನಿಲ್ಲುತ್ತದೆಯೇ? ಮೆನ್ಷಿಯಸ್‌ನನ್ನು ರಾಣೆಬೆನ್ನೂರು ತಾಲ್ಲೂಕಿನ ಹತ್ತಿಯ ಬೀಜೋತ್ಪಾದನೆಯ ಹೊಲಕ್ಕೆ ಕರೆತರಬೇಕಿತ್ತು. ಹಲಗೇರಿಯ ಸುತ್ತಿನವರಿಗೆ ಈ ಕ್ರಾಸಿಂಗ್ ಕೆಲಸವನ್ನು ವಿವರಿಸಬೇಕಿಲ್ಲ. ನಾಳೆ ಬೆಳಿಗ್ಗೆ ಅರಳಲಿರುವ ಮೊಗ್ಗು ಯಾವುದೆಂದು ಇಂದು ಸಂಜೆಯೇ ಗುರುತಿಸಬೇಕು. ಒಳಗಿನ ಶಲಾಕೆ ನೋಯದಂತೆ ಅದರ ಗಂಡು ಭಾಗವನ್ನಷ್ಟೇ ಬಿಡಿಸಬೇಕು. ಮಾರನೆಯ ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಅದರ ಪರಾಗವನ್ನು ಇದಕ್ಕೆ ಸವರಬೇಕು. ಒಂದು ದಿನ ಹಿಂದುಮುಂದಾದರೆ, ಉಗುರು ಕೊಂಚ ಆಳಕ್ಕೆ ಇಳಿದರೆ, ಆ ಹೂವಿನ ಮೇಲಿನ ಶ್ರಮ ದಂಡ. ಬೀಜ ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಈ ಕೆಲಸ ಮಾಡುವ ಹೆಂಗಸರು ಕೂಲಿಯವರು. ತಳಿಯ ಶುದ್ಧತೆ ನಿಂತಿರುವುದು ಅವರ ಬೆರಳ ತುದಿಯ ತಿಳಿವಳಿಕೆಯ ಮೇಲೆ. ಇದು ಮೈಯ ದುಡಿಮೆಯೋ ಬುದ್ಧಿಯದೋ? ಎತ್ತನ್ನು ಕೊಯ್ಯುವ ಅಡುಗೆಯವನಿಂದ ದೊರೆಯೊಬ್ಬ ಬದುಕುವ ಬಗೆ ಕಲಿತ ಕಥೆಯನ್ನು ಹೇಳಿದ ಚೀನೀ ದಾರ್ಶನಿಕ ಚುವಾಂಗ್‌ಜಿಗೆ ಇದು ಅರ್ಥವಾಗುತ್ತಿತ್ತು.

ಇನ್ನು ಹೊಗಳಿಕೆಯ ವಿಚಾರ. ಎರಡನೆಯ ಸ್ಥಾನದಿಂದ ಚೀನಾದ ರೈತನಿಗೆ ಸಿಕ್ಕಿದ್ದೇನು? ಕ್ರಿ.ಪೂ. 2ನೇ ಶತಮಾನದಲ್ಲಿ ಹಾನ್ ದೊರೆ ವೆನ್‌ನಿಗೆ ಛಾವೊ ತ್ಸೊ ಎಂಬ ಅಧಿಕಾರಿ ಬಿನ್ನವಿಸಿಕೊಂಡ: ಕಾನೂನು ವ್ಯಾಪಾರಿಯನ್ನು ಕೀಳೆನ್ನುತ್ತದೆ, ಅವನು ಸಿರಿವಂತನಾಗಿದ್ದಾನೆ, ರೈತನನ್ನು ಮೇಲೆನ್ನುತ್ತದೆ, ಅವನು ಬಡವಾಗಿದ್ದಾನೆ. ಕಂದಾಯ ಕಟ್ಟಲು ರೈತ ಬೆಳೆಯನ್ನು ಅರ್ಧ ಬೆಲೆಗೆ ಮಾರುತ್ತಿದ್ದ, ಸಾಲಕ್ಕಾಗಿ ಹೊಲ ಮನೆಗಳನ್ನೂ ಮಕ್ಕಳನ್ನೂ ಮಾರುತ್ತಿದ್ದ. ‘ಅನ್ನದಾತ’ ಎಂದು ಹೂಮಾಲೆ ಹಾಕುವ ನಾವು ಇದನ್ನು ಬ್ಯಾಡಗಿಯ ಎಪಿಎಂಸಿ ಅಂಗಳದಲ್ಲಿ ನಿಂತು ಓದಬೇಕು. 2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿಯ ದರ ಕುಸಿದು ಅಲ್ಲಿ ಬೆಂಕಿ ಹತ್ತಿದ ದಿನ ರೈತರು ಕೇಳಿದ್ದು ಬಿರುದನ್ನಲ್ಲ, ಬೆಲೆಯನ್ನು.

ಶರಣರು ಬೇರೆಯಾಗುವುದು ಇಲ್ಲೇ. ತುಂಗಭದ್ರೆಯ ದಂಡೆಯ ಚೌಡಯ್ಯದಾನಪುರದೊಡನೆ ಹೆಸರು ಕೂಡಿಕೊಂಡ ಅಂಬಿಗರ ಚೌಡಯ್ಯ, ಉಳಿದವರು ಇಷ್ಟದೈವದ ಹೆಸರಿಡುವ ಜಾಗದಲ್ಲಿ ತನ್ನ ಕಸುಬಿನ ಜೊತೆ ತನ್ನ ಹೆಸರನ್ನೇ ಅಂಕಿತವಾಗಿಟ್ಟ. ದೋಣಿ ನಡೆಸುವ ಕೈಗೆ ಇನ್ನೊಬ್ಬರ ಶಿಫಾರಸು ಬೇಕಿಲ್ಲ ಎಂಬ ನಿಲುವು ಅದು. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅವನನ್ನು ತರಾಟೆಗೆ ತೆಗೆದುಕೊಂಡು ಹೆಚ್ಚಿನದನ್ನು ಹಿಂದಿರುಗಿಸಲು ಕಳಿಸಿದಳು. ಹೆಚ್ಚು ದುಡಿ ಎಂದಷ್ಟೇ ಹೇಳುವ ಫಲಕದವರಿಗೆ ಈ ಪ್ರಸಂಗ ನೆನಪಾಗುವುದೇ ಇಲ್ಲ. ಕಾಯಕದ ಬೆನ್ನಿಗೇ ದಾಸೋಹವಿದೆ. ಹೆಚ್ಚುವರಿ ಯಾರ ಮನೆ ಸೇರುತ್ತದೆ ಎಂಬ ಪ್ರಶ್ನೆ ಆ ತತ್ತ್ವದ ಒಡಲಲ್ಲೇ ಇದೆ. ಅದನ್ನು ಬಿಟ್ಟ ಕಾಯಕ, ಶರಣರ ಉಡುಪು ತೊಟ್ಟ ಮೆನ್ಷಿಯಸ್.

ಕೊನೆಗೆ ಒಂದು ಮಾತು. ಎಲ್ಲ ಕೆಲಸವೂ ಪವಿತ್ರ ಎಂದು ಹಾಡಿದ್ದಕ್ಕೆ ಕಲ್ಯಾಣದಲ್ಲಿ ರಕ್ತ ಹರಿಯಲಿಲ್ಲ. ಪರಂಪರೆ ಹೇಳುವಂತೆ, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಆ ಇಬ್ಬರು ತಂದೆಯರನ್ನು ಎಳೆಹೂಟೆಗೆ ಕಟ್ಟಿದರು. ಚಪ್ಪಲಿ ಹೊಲಿಯುವುದನ್ನು ಹೊಗಳುವವರ ಮೇಲೆ ಬಿಜ್ಜಳನ ಕಾಲದಲ್ಲೂ ಯಾರೂ ಕೈ ಮಾಡಲಿಲ್ಲ, ಈಗಲೂ ಮಾಡುವುದಿಲ್ಲ. ಹೊಲಿಯುವವನ ಜೊತೆ ಬೀಗತನ ಬೆಳೆಸಲು ಹೊರಟವರಿಗೇ ಅಂದೂ ಇಂದೂ ಪೆಟ್ಟು.