ಕೈಬಿಡುವ ಅಧಿಕಾರ

ಕೆಟ್ಟು ನಿಂತ ವಸ್ತುವನ್ನು ನಿರುಪಯುಕ್ತವೆಂದು ಮೂಲೆಗೆ ಸೇರಿಸುವುದು ಲೋಕದಲ್ಲಿ ಅತ್ಯಂತ ಸುಲಭವಾದ ಕೆಲಸ. ಆದರೆ ಹಾಗೆ ತೀರ್ಪು ಕೊಡುವ ಅಧಿಕಾರ ಮನುಷ್ಯನಿಗೆ ಯಾವಾಗ ಪ್ರಾಪ್ತವಾಗುತ್ತದೆ? ಈ ಪ್ರಶ್ನೆ ಮೇಲ್ನೋಟಕ್ಕೆ ಅಲ್ಪವಾಗಿ ತೋರಿದರೂ ವಿಚಾರಿಸಿ ನೋಡಿದರೆ ನೀತಿಯ ಬುಡವನ್ನೇ ಮುಟ್ಟುತ್ತದೆ. ಹಳೆಯ ದೋಣಿ ಮೋಟಾರೊಂದರ ನಿದರ್ಶನದಿಂದ ಇದನ್ನು ಪರಿಶೀಲಿಸಬಹುದು.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯವು ಸರೋವರಗಳ ನಾಡು. ನಾರ್ವೆಯಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಅಲ್ಲಿಗೆ ಬಂದ ಓಲೆ ಎವಿನ್ರೂಡ್ ಎಂಬಾತನು 1909ರಲ್ಲಿ ಮಿಲ್ವಾಕೀ ನಗರದಲ್ಲಿ, ದೋಣಿಯ ಹಿಂಬದಿಗೆ ಬಿಗಿದು ಓಡಿಸುವ ಸಣ್ಣ ಮೋಟಾರನ್ನು ಮಾರಾಟಕ್ಕೆ ತಂದನು. ಅದರ ಬಲ ಒಂದೂವರೆ ಅಶ್ವಶಕ್ತಿ. ತೂಕ 62 ಪೌಂಡು. ಅಂತಹ ಯಂತ್ರವನ್ನು ಮಾಡಿದವರಲ್ಲಿ ಅವನೇ ಮೊದಲಿಗನಲ್ಲ. ಆದರೂ ಅದನ್ನು ಜನಸಾಮಾನ್ಯರಿಗೆ ತಲುಪಿಸಿದ ಕೀರ್ತಿ ಅವನಿಗೂ, ವ್ಯವಹಾರದ ಹೊಣೆ ಹೊತ್ತ ಅವನ ಪತ್ನಿ ಬೆಸ್ಸಳಿಗೂ ಸಲ್ಲುತ್ತದೆ. 1922ರಲ್ಲಿ ಜಾನ್ಸನ್ ಸಹೋದರರ ಮೋಟಾರು ಬಂದಿತು. ಎರಡು ಸಿಲಿಂಡರುಗಳಿದ್ದರೂ ಅದರ ತೂಕ ಸುಮಾರು 35 ಪೌಂಡು ಮಾತ್ರ. ಹುಟ್ಟು ಹಾಕಿ ದಣಿದ ಎಷ್ಟೋ ತೋಳುಗಳಿಗೆ ಈ ಯಂತ್ರಗಳು ವಿಶ್ರಾಂತಿಯನ್ನಿತ್ತವು. ಮುಂದೆ ಹೊಸವು ಬಂದಂತೆ ಹಳೆಯವು ಕತ್ತಲ ಕೋಣೆಗಳನ್ನು ಸೇರಿದವು.

1920ರ ದಶಕದ ಅಂಥದೊಂದು ಮೋಟಾರು, ಆ ನಾಡಿನ ಗೃಹಸ್ಥನೊಬ್ಬನಿಗೆ ಅಜ್ಜನಿಂದ ಬಂದಿದೆಯೆಂದು ಭಾವಿಸಬಹುದು. ಅವನು ಅದನ್ನು ಹೊರಗೆ ತಂದು, ಹೊಸ ಪೆಟ್ರೋಲ್ ಹಾಕಿ, ಚಕ್ರಕ್ಕೆ ಹಗ್ಗ ಸುತ್ತಿ ಎಳೆಯುತ್ತಾನೆ. ಮೋಟಾರು ಉಸಿರೆತ್ತುವುದಿಲ್ಲ. ಇಪ್ಪತ್ತು ಸಲ ಎಳೆಯುತ್ತಾನೆ. ಭುಜ ನೋಯುತ್ತದೆ, ಸಿಟ್ಟು ಏರುತ್ತದೆ. ಕೊನೆಗೆ ‘ಇದು ಸತ್ತುಹೋಗಿದೆ’ ಎನ್ನುತ್ತಾನೆ. ಈ ಮಾತು ಮೋಟಾರಿನ ಸ್ಥಿತಿಯನ್ನು ಹೇಳಿತೋ, ಎಳೆದವನ ತಾಳ್ಮೆಯ ಅಳತೆಯನ್ನು ಹೇಳಿತೋ?

ಬಲ್ಲವನಾದರೋ ಹಗ್ಗವನ್ನು ಕೆಳಗಿಟ್ಟು ಮೂರು ಪ್ರಶ್ನೆಗಳನ್ನು ಕೇಳುತ್ತಾನೆ. ಪಿಸ್ಟನ್ ಸರಾಗವಾಗಿ ಚಲಿಸಿ ಗಾಳಿಯನ್ನು ಒತ್ತುತ್ತಿದೆಯೆ? ಕಿಡಿ ಹುಟ್ಟುತ್ತಿದೆಯೆ? ಇಂಧನ ಒಳಗೆ ಸೇರುತ್ತಿದೆಯೆ? ಪಿಸ್ಟನ್ ತುಕ್ಕಿನಿಂದ ಅಂಟಿಕೊಂಡಿದ್ದರೆ ಅವನು ಸುತ್ತಿಗೆಯನ್ನು ಎತ್ತುವುದಿಲ್ಲ. ಪ್ಲಗ್ಗಿನ ರಂಧ್ರದಿಂದ ಎಣ್ಣೆ ಬಿಟ್ಟು ಕೆಲವು ದಿನ ಕಾಯುತ್ತಾನೆ. ಚಕ್ರದಡಿಯ ಮ್ಯಾಗ್ನೆಟೋದಲ್ಲಿ ಅಯಸ್ಕಾಂತವು ತಿರುಗಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಎರಡು ಪುಟ್ಟ ಪಾಯಿಂಟುಗಳು ತಕ್ಕ ಗಳಿಗೆಯಲ್ಲಿ ಬೇರ್ಪಟ್ಟಾಗ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಬಹುಕಾಲ ನಿಂತ ಯಂತ್ರದಲ್ಲಿ ಆ ಪಾಯಿಂಟುಗಳ ಮೇಲೆ ಕಣ್ಣಿಗೆ ಸರಿಯಾಗಿ ಕಾಣದಷ್ಟು ತೆಳುವಾದ ಕಿಲುಬು ಕೂಡಿರುತ್ತದೆ. ಅದನ್ನು ಒರೆಸಿ ತೆಗೆದರೆ ಎಷ್ಟೋ ಸಲ ಕಿಡಿ ಮರಳಿ ಬರುತ್ತದೆ. ಕಾರ್ಬ್ಯುರೇಟರಿನಲ್ಲಿಯೂ ಹಾಗೆಯೆ, ಹಿಂದಿನ ಪೆಟ್ರೋಲ್ ಆರಿ ಅಂಟಾಗಿ ಸೂಕ್ಷ್ಮ ದಾರಿಗಳನ್ನು ಮುಚ್ಚಿರುತ್ತದೆ.

ಇಲ್ಲಿ ಮನಗಾಣಬೇಕಾದ ಸಂಗತಿಯೊಂದಿದೆ. ಆ ಪೆಟ್ರೋಲನ್ನು ಬರಿದುಮಾಡದೆ ಬಿಟ್ಟವರಾರು? ತೇವ ತಗಲುವ ಮೂಲೆಯಲ್ಲಿ ಇಟ್ಟವರಾರು? ಮೋಟಾರು ತಾನಾಗಿ ಕೆಡಲಿಲ್ಲ, ಅಲಕ್ಷ್ಯದಿಂದ ಕೆಟ್ಟಿತು. ಅಲಕ್ಷ್ಯ ಮಾಡಿದ ಮನೆಯವರೇ ಇಂದು ನ್ಯಾಯಾಧೀಶರಾಗಿ ಕುಳಿತಿದ್ದಾರೆ. ಅಪರಾಧದಲ್ಲಿ ಪಾಲುಳ್ಳವನು ತನ್ನ ಪಾಲನ್ನು ಒಪ್ಪಿಕೊಳ್ಳದೆ ಕೊಡುವ ತೀರ್ಪು ನ್ಯಾಯವಾಗಲಾರದು.

ಹಾಗೆಂದು ಹಳೆಯದೆಲ್ಲವನ್ನೂ ಇದ್ದಂತೆಯೇ ಉಳಿಸಬೇಕೆಂಬ ಹಟವೂ ವಿವೇಕವಲ್ಲ. ಕಾಯಿಲಿನ ಹೊದಿಕೆ ಬಿರಿದು ವಿದ್ಯುತ್ತು ಸೋರುತ್ತಿದ್ದರೆ ಬೇರೆ ಕಾಯಿಲ್ ಹಾಕಲೇಬೇಕು. ಅನೇಕ ಹಳೆಯ ಕಾರ್ಬ್ಯುರೇಟರುಗಳೊಳಗೆ ತೇಲುವ ಬಿರಡೆಗೆ ಅರಗಿನ ಲೇಪವಿರುತ್ತದೆ. ಇಂದಿನ ಪೆಟ್ರೋಲಿನಲ್ಲಿ ಬೆರೆಸುವ ಆಲ್ಕೊಹಾಲು ಆ ಲೇಪವನ್ನು ಕರಗಿಸುತ್ತದೆ. ಅಜ್ಜನ ಕೈ ಮುಟ್ಟಿದ್ದೆಂದು ಅದನ್ನೇ ಇಟ್ಟುಕೊಂಡರೆ ಗೌರವ ಉಳಿದೀತು, ಮೋಟಾರು ಓಡಲಾರದು. ಬಣ್ಣ ಬಳಿದು ಹಿತ್ತಾಳೆಯನ್ನು ಹೊಳೆಯಿಸಿ, ಒಳಗಿನ ಕಿಲುಬನ್ನು ಹಾಗೆಯೇ ಬಿಡುವವರೂ ಉಂಟು. ಅದು ದುರಸ್ತಿಯಲ್ಲ, ನೋಡುವವರಿಗೆ ಮಾಡಿದ ಮೋಸ.

ಕೈಬಿಡಬೇಕಾದ ಸಂದರ್ಭವೂ ಒಂದುಂಟು. ಯಂತ್ರವನ್ನು ತಂಪಾಗಿಡುವ ನೀರನ್ನು ಬಸಿಯದೆ ಇಟ್ಟರೆ, ಆ ನಾಡಿನ ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಹಿಗ್ಗಿ ಸಿಲಿಂಡರನ್ನು ಸೀಳಿಬಿಡುತ್ತದೆ. ಅಂಥ ಸೀಳು ದುರಸ್ತಿಗೆ ಮೀರಿರಬಹುದು. ಆಗ ಅದನ್ನು ಬಿಡುವುದೇ ಯುಕ್ತ. ಅದರ ಸುಸ್ಥಿತಿಯ ಭಾಗಗಳು ಮತ್ತೊಂದು ಮೋಟಾರಿಗೆ ಜೀವ ಕೊಟ್ಟಾವು. ಇದು ಪರೀಕ್ಷಿಸಿ ಬಿಟ್ಟದ್ದು. ಮೊದಲಿನದು ಬೇಸರದಿಂದ ಬಿಟ್ಟದ್ದು. ಎರಡೂ ಬಿಡುವುದೇ ಆದರೂ ಅವುಗಳ ನಡುವೆ ಅಜಗಜಾಂತರವಿದೆ.

ಇನ್ನು ಮೋಟಾರು ಚೇತರಿಸಿಕೊಂಡರೆ ಕರ್ತವ್ಯ ಮುಗಿಯಿತೆ? ಇಲ್ಲ. ಅದನ್ನು ನೀರು ತುಂಬಿದ ತೊಟ್ಟಿಯಲ್ಲಿ ನಿಲ್ಲಿಸಿ ಮೊದಲು ಪರೀಕ್ಷಿಸಬೇಕು. ತಂಪು ನೀರಿಲ್ಲದೆ ಓಡಿಸಿದರೆ ಕಾದು ಕೆಡುತ್ತದೆ. ಈ ಯಂತ್ರದ ಒಳಭಾಗಗಳಿಗೆ ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಜಿಡ್ಡು. ಹಳೆಯವಕ್ಕೆ ಸಾಮಾನ್ಯವಾಗಿ 16 ಪಾಲಿಗೆ 1 ಪಾಲು ಬೆರೆಸುವ ವಾಡಿಕೆ. ಆ ಎಣ್ಣೆಯಲ್ಲಿ ಒಂದಂಶ ಹೊಗೆಯೊಡನೆ ನೀರಿಗೆ ಸೇರುತ್ತದೆ. ಮೋಟಾರು ಒಬ್ಬನದು, ಸರೋವರ ಎಲ್ಲರದು. ಆದುದರಿಂದ ಬದುಕಿಸಿದವನು ಅದನ್ನು ಮಿತವಾಗಿ ಓಡಿಸತಕ್ಕದ್ದು. ತನ್ನ ಸಂತೋಷದ ಬೆಲೆಯನ್ನು ಇತರರ ನೀರಿನಿಂದ ತೆರಿಸುವುದು ಸಲ್ಲದು.

ಹೀಗೆ ಮೊದಲಿನ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಬಲಪ್ರಯೋಗವನ್ನು ನಿಲ್ಲಿಸಿ ಕಾರಣವನ್ನು ಹುಡುಕಿದವನಿಗೆ, ಕೆಡುಕಿನಲ್ಲಿ ತನ್ನ ಪಾಲೆಷ್ಟೆಂದು ಒಪ್ಪಿಕೊಂಡವನಿಗೆ, ನಿಜವಾದ ಸೀಳನ್ನು ಕಣ್ಣಾರೆ ಕಂಡವನಿಗೆ ಮಾತ್ರ ಕೈಬಿಡುವ ಅಧಿಕಾರವುಂಟು. ಕಬ್ಬಿಣದ ವಿಷಯದಲ್ಲಿಯೇ ಇಷ್ಟು ವಿಚಾರ ಬೇಕಾದರೆ, ಮಾತು ಬಿಟ್ಟ ಒಡಹುಟ್ಟಿದವನ ವಿಷಯದಲ್ಲಿ, ಕೆಲಸಕ್ಕೆ ಬಾರನೆಂದು ಶಾಲೆ ಬಿಡಿಸಿದ ಮಗನ ವಿಷಯದಲ್ಲಿ ಎಷ್ಟು ಬೇಕಾದೀತು! ಅವರ ಮುಂದೆಯೂ ಮನುಷ್ಯನು ಹಗ್ಗವನ್ನು ಎಳೆದೆಳೆದು ಸಿಟ್ಟಾಗುತ್ತಾನೆ. ನಡುವೆ ಕೂಡಿರುವುದು ಉಗುರಿನಿಂದ ಕೆರೆದು ತೆಗೆಯಬಹುದಾದ ಕಿಲುಬೇ ಆಗಿರಬಹುದು. ಹಗ್ಗವನ್ನು ಕೆಳಗಿಟ್ಟು ನೋಡುವವರೆಗೆ ಅದು ತಿಳಿಯುವಂತಿಲ್ಲ.